ನಂಗೆ ಸಿಟ್ಟು ಜಾಸ್ತಿ ಐತೇನೇ?

ಜಾವಗಲ್‌ನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ನಮ್ಮ ಮೇಡಂ ತಮ್ಮ ಸಂಶೋಧನೆಗೆಂದು ಒಪ್ಪಿಸಿದ ಕೆಲಸ ಸುಲಭವಾಗಿ ಕಂಡಿತ್ತು. ಒಬ್ಬರ ಸ್ವಭಾವ ಎಂಥದ್ದೆಂದು ಮೊದಲು ಅವರನ್ನೇ ಕೇಳಿ ಬರೆದುಕೊಳ್ಳಬೇಕು, ಆಮೇಲೆ ಮನೆಯವರನ್ನು ಬೇರೆಯಾಗಿ ಕೇಳಿ, ಎರಡು ಉತ್ತರಗಳೂ ಹೊಂದುತ್ತವೆಯೇ ನೋಡಬೇಕು.

ಬೆಳಿಗ್ಗೆ ಈ ಊರಿನ ರಂಗಮ್ಮನವರನ್ನು "ನಿಮಗೆ ಬೇಗ ಸಿಟ್ಟು ಬರುತ್ತಾ?" ಎಂದು ಕೇಳಿದೆ. ಅವರು ಒಳಗಿದ್ದ ಓರಗಿತ್ತಿಯನ್ನು ಕೂಗಿದರು: "ಏನೇ ಗೌರಿ, ನಂಗೆ ಸಿಟ್ಟು ಜಾಸ್ತಿ ಐತೇನೇ?"

"ಬರೋದು ಬತ್ತದೆ ಕಣಕ್ಕ, ಉಂಡ್ಮೇಲೆ ಇರಾಕಿಲ್ಲ."

"ಹಂಗೇ ಬರ್ಕೊಳವ್ವ" ಎಂದರು ರಂಗಮ್ಮ.

"ಅವರನ್ನು ಕೇಳಬಾರದು, ನೀವೇ ಹೇಳಬೇಕು" ಎಂದೆ.

"ನನ್ ಸಿಟ್ಟು ತಡ್ಕೊಳೋಳು ಅವಳು. ನಂಗೇನು ಗೊತ್ತು?"

ಮೂರು ದಿನದಿಂದ ಮನೆಮನೆಯಲ್ಲೂ ಇದೇ ಕಥೆ. ಉತ್ತರ ಬರೆದುಕೊಂಡ ಹಾಳೆಗಳೆಲ್ಲ ಕೆಟ್ಟುಹೋದವೆಂದು ಹೆದರಿ, ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನ್ ಮಾಡಿದೆ. ಅವರು ನಕ್ಕುಬಿಟ್ಟರು. "ಯಾರನ್ನು ಕೇಳಿ ಹೇಳಿದರು ಅಂತಲೂ ಬರಿ. ನಮಗೆ ಬೇಕಾದ್ದೇ ಅದು ಕಣೇ." ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಹೊರಬರುವಾಗ ಬೂತಿನ ಯಜಮಾನರು ತಡೆದು ಕೇಳಿದರು: "ಬಂದಾಗ ಮುಖ ಬಾಡಿತ್ತು, ಈಗ ಅರಳೈತೆ. ಒಳ್ಳೆ ಸುದ್ದಿನೇನವ್ವ?"

ನನ್ನ ಮನಸ್ಸಿನಲ್ಲಿರುವುದು ಯಾರಿಗೂ ಕಾಣುವುದಿಲ್ಲವೆಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.