ಚೊಲೋ ಕಣ್ಣಿನ ಮೇಲಿನ ಪಟ್ಟಿ

ಆ ವಿಡಿಯೋ ಗೇಮನ್ನು ನಾನು ಬೈದಷ್ಟು ನನ್ನ ಅತ್ತೆಯನ್ನೂ ಬೈದಿಲ್ಲ. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಮ್ಮ ಬೆಟಗೇರಿಯ ಮಂದಿ ವಿಳಾಸ ಬರೆಯುವಾಗ ರೂಢಿಯಂತೆ 'ಜಿಲ್ಲಾ ಧಾರವಾಡ' ಎಂದು ಬರೆದು, ನಾಲಿಗೆ ಕಚ್ಚಿಕೊಂಡು ಹೊಡೆದುಹಾಕುತ್ತಿದ್ದ ಕಾಲ ಅದು. ನಮ್ಮ ಮನೆಯವರು ಗದಗಿನ ಒಂದು ಛಾಪಖಾನೆಯಲ್ಲಿ ಕೆಲಸಕ್ಕಿದ್ದರು. ಕಾಗದ ತರಲು ಹುಬ್ಬಳ್ಳಿಗೆ ಹೋದವರು, ಮಕ್ಕಳ ದಸರಾ ರಜೆಗೆಂದು ಟಿವಿಗೆ ಜೋಡಿಸುವ ಆ ಡಬ್ಬಿಯನ್ನೂ ಕಾಗದದ ಸಂಗಡ ಹೊತ್ತು ತಂದರು. ಅದರ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು. ಟಿವಿಯಲ್ಲಿ ಹಕ್ಕಿ ಹಾರಿದರೆ ಇವರು ಹೊಡೆಯಬೇಕು. ಹತ್ತು ವರ್ಷದ ಮಗ, ಆರು ವರ್ಷದ ಮಗಳು ಇಬ್ಬರೂ ಹಲ್ಲುಜ್ಜುವ ಮೊದಲೇ ಅದರ ಮುಂದೆ ಹಾಜರು.

"ಕಣ್ಣು ಕಳಕೊಂತೀರಿ ನೋಡ್ರಿ, ಕಣ್ಣು!" ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ. ನನ್ನ ಬಾಯಿ ದೊಡ್ಡದು, ಓಣಿಗೆಲ್ಲ ಗೊತ್ತು. ಮಕ್ಕಳಿಗಂತೂ ಅದು ಗಾಳಿಯ ಸದ್ದಿಗೆ ಸಮ.

ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಮಗ ತಂಗಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದ.

"ಒಂದ ಕಣ್ಣು ಮುಚ್ಚಬೇಕಲೇ. ಅದಲ್ಲ, ಎಡಗಣ್ಣು ಮುಚ್ಚು."

"ಎಡಗಣ್ಣು ಮುಚ್ಚಿದ್ರ ಹಕ್ಕಿ ಹೋಗಿಬಿಡತಾವು," ಎಂದಳು.

"ಎಲ್ಲಿ ಹೋಗತಾವು? ಸುಳ್ಳ ಹೇಳತಿ."

"ಖರೇನ ಅಣ್ಣಾ. ಟಿವಿನೂ ಹೋಗಿಬಿಡತೈತಿ. ಬರೇ ಮಬ್ಬು."

ನನ್ನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳ ಎಡಗಣ್ಣನ್ನು ಮುಚ್ಚಿ, ಇನ್ನೊಂದು ಕೈಯ ಬೆರಳು ತೋರಿಸಿದೆ. "ಇವು ಎಷ್ಟು?" ಅವಳು ನನ್ನ ಬೆರಳನ್ನು ನೋಡಲಿಲ್ಲ, ಕೈಯಿಂದ ಮುಟ್ಟಿ ಎಣಿಸಲು ನೋಡಿದಳು. ಒಲೆಯ ಮೇಲಿನ ರೊಟ್ಟಿ ಹತ್ತಿದ ವಾಸನೆ ಬಂತು. ಯಾರೂ ಏಳಲಿಲ್ಲ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿ ಹೊರಗೆ ಬಂದರು. "ನೋಡ್ರಿ ತಾಯಿ, ಬಲಗಣ್ಣಿಗೆ ರೋಗ ಏನೂ ಇಲ್ಲ. ನಂಬರ್ ಭಾಳ ಐತಿ, ಅದಕ್ಕ ಅದು ಕೆಲಸಾನ ಕಲ್ತಿಲ್ಲ. ಎಡಗಣ್ಣು ಎಲ್ಲಾ ತಾನ ದುಡೀತೈತಿ, ಇದು ಆರಾಮ ಕುಂತೈತಿ. ಚಸ್ಮಾ ಕೊಡತೀನಿ. ಜೊತೀಗೆ ಚೊಲೋ ಕಣ್ಣಿಗೆ ಪಟ್ಟಿ ಹಚ್ಚಿ ಮುಚ್ಚರಿ. ದುಡಿಯೋದನ್ನ ಕಟ್ಟಿ ಕುಂಡ್ರಿಸಿದ್ರ ಮೈಗಳ್ಳ ತಾನ ಏಳತೈತಿ."

"ಏಳಲಿಲ್ಲಂದ್ರ?"

"ಸಣ್ಣ ವಯಸ್ಸಿನ್ಯಾಗ ಎಬ್ಬಿಸಬೇಕ್ರಿ. ಏಳೆಂಟು ವರ್ಷ ದಾಟಿದ್ರ ಅದನ್ನ ಎಬ್ಬಿಸೋದು ಕಷ್ಟ."

ಬಸ್ಸಿನಲ್ಲಿ ಬರುವಾಗ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಆರು ಮುಗಿದು ಏಳರಲ್ಲಿ ಕಾಲಿಟ್ಟ ಹುಡುಗಿ. ನನಗೆ ಭಯವಾಗಿತ್ತು. ಭಯವಾದಾಗ ನನಗೆ ಸಿಟ್ಟು ಬರುತ್ತದೆ, ಹಾಗಾಗಿ ದಾರಿಯುದ್ದಕ್ಕೂ ಮನೆಯವರ ಸಂಗಡ ಜಗಳವಾಡಿದೆ. ಅವರು ಹೂಂ ಹೂಂ ಎನ್ನುತ್ತ ಮಗಳ ಕಾಲು ಒತ್ತುತ್ತಿದ್ದರು.

ಸುದ್ದಿ ಹಬ್ಬಿದ ಮೇಲೆ ಉಪದೇಶಕ್ಕೆ ಬರವಿಲ್ಲ. ಲಕ್ಷ್ಮೇಶ್ವರದ ನಾದಿನಿ ಗಜ್ಜರಿ ತಿನ್ನಿಸು ಎಂದಳು. ನನ್ನ ಹತ್ತಿರ ಜಂಪರು ಹೊಲಿಸಿಕೊಳ್ಳಲು ಶಿರಹಟ್ಟಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ದೃಷ್ಟಿ ತೆಗೆಸು ಎಂದಳು. ನಾನು ಗಜ್ಜರಿಯನ್ನೂ ತಿನ್ನಿಸಿದೆ, ದೃಷ್ಟಿಯನ್ನೂ ತೆಗೆಸಿದೆ, ಪಟ್ಟಿಯನ್ನೂ ಬಿಡಲಿಲ್ಲ. ಶಾಲೆಯಿಂದ ಬಂದೊಡನೆ ಎಡಗಣ್ಣಿಗೆ ಪಟ್ಟಿ. ಅತ್ತಳು, ಕಿತ್ತೆಸೆದಳು, ಮತ್ತೆ ಹಚ್ಚಿದೆ. ಬೇಸಿಗೆ ಬರುವ ಹೊತ್ತಿಗೆ ಡಾಕ್ಟರ ಹಲಗೆಯ ದೊಡ್ಡ ಅಕ್ಷರವೊಂದು ಬಲಗಣ್ಣಿಗೆ ಕಂಡಿತ್ತು. ಆ ಒಂದು ಅಕ್ಷರಕ್ಕೆ ನಾನು ಓಣಿಗೆಲ್ಲ ಪೇಢೆ ಹಂಚಿದೆ.

ಬೇಸಿಗೆ ಎಂದರೆ ಮದುವೆಯ ಕಾಲ. ಹೊಲಿಗೆ ಯಂತ್ರದ ಮುಂದೆ ಬಟ್ಟೆಯ ರಾಶಿ. ಮಕ್ಕಳನ್ನು ಪ್ರತಿ ವರ್ಷದಂತೆ ಮುಂಡರಗಿಯ ಆಚೆ, ಹೊಳೆ ದಂಡೆಯ ಕೊರ್ಲಹಳ್ಳಿಯಲ್ಲಿರುವ ನನ್ನ ತವರಿಗೆ ಕಳಿಸಿದೆ. ಕರೆದೊಯ್ಯಲು ಬಂದ ಅವ್ವನ ಕೈಗೆ ಪಟ್ಟಿಗಳ ಡಬ್ಬಿಯನ್ನಿಟ್ಟು, ಯಾವ ಕಣ್ಣು, ಎಷ್ಟು ಹೊತ್ತು ಎಲ್ಲ ಹೇಳಿದೆ. ಅವ್ವ ತಲೆಯಾಡಿಸಿದಳು. ನಮ್ಮವ್ವ ತಲೆಯಾಡಿಸಿದರೆ ಕೇಳಿದ್ದಾಳೆ ಎಂದಷ್ಟೇ ಅರ್ಥ, ಒಪ್ಪಿದ್ದಾಳೆ ಎಂದಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಅದು ನೆನಪಾಗಬೇಕಿತ್ತು.

ಶಾಲೆ ತೆರೆಯುವ ಮುನ್ನ ಕರೆತರಲು ಹೋದೆ. ಬಸ್ಸಿಳಿದು ಬರುವಾಗಲೇ ಮಗಳು ಕಂಡಳು. ಕೈಯಲ್ಲಿ ಪೇರಲ ಹಣ್ಣು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೈ ತುಂಬಿಕೊಂಡಿದ್ದಾಳೆ. "ಮಮ್ಮೀ!" ಎಂದು ಕಲ್ಲು ಮುಳ್ಳು ದಾಟಿ ಸರಾಗವಾಗಿ ಓಡಿಬಂದಳು. ಎಷ್ಟು ಚೆನ್ನಾಗಿ ಓಡುತ್ತಾಳಲ್ಲ ಎಂದು ಹಿಗ್ಗಿದೆ. ಹತ್ತಿರ ಬಂದಾಗ ನೋಡಿದರೆ ಪಟ್ಟಿ ಬಲಗಣ್ಣಿನ ಮೇಲಿತ್ತು.

"ಇವತ್ತ ತಪ್ಪಿ ಹಚ್ಚೀಯೇನು?" ಎಂದು ಮನೆಯೊಳಗೆ ಕಾಲಿಡುತ್ತಲೇ ಅವ್ವನನ್ನು ಕೇಳಿದೆ.

"ತಪ್ಪಿ ಯಾಕ ಹಚ್ಚಲಿ? ದಿನಾ ಹಂಗ ಹಚ್ಚೀನಿ," ಎಂದಳು ಅವ್ವ. "ಕೆಟ್ಟದ್ದನ್ನ ಮುಚ್ಚಬೇಕು, ಚೊಲೋದನ್ನ ತೆರದಿಡಬೇಕು. ಹುಣ್ಣಾದ್ರ ಹುಣ್ಣಿಗೆ ಅರಿವಿ ಕಟ್ಟತಾರ, ಮಗ್ಗಲಿನ ಚೊಲೋ ಚರ್ಮಕ್ಕ ಕಟ್ಟತಾರೇನು? ನಿನ್ನ ಡಾಕ್ಟರ್ ಗಡಿಬಿಡ್ಯಾಗ ಎಡಾ ಬಲಾ ಅದಲಬದಲ ಹೇಳ್ಯಾನ ತಗೋ."

ನಾನು ಕೂಗಾಡಿದ್ದು ಹೊಳೆಯ ಆಚೆ ದಂಡೆಗೂ ಕೇಳಿರಬೇಕು. ಅವ್ವ ಮೊದಲು ಎದುರು ಮಾತಾಡಿದಳು. ಕಡೆಗೆ ಸೆರಗಿನ ತುದಿ ಹಿಂಡುತ್ತ ಹೇಳಿದಳು. "ನೀ ಹೇಳಿದಂಗ ಮೊದಲ ಎಡಗಡೆ ಹಚ್ಚಿದ್ನೆವಾ. ಕೂಸು ಗ್ವಾಡಿಗೆ ಹಾಯಾಕ ಹತ್ತಿತು. ಗಂಗಾಳದಾಗ ಕೈ ಆಡಿಸಿ ಪಲ್ಯ ಹುಡಕತಿತ್ತು. ನನ್ನ ಕಣ್ಣಿಂದ ನೋಡಾಕ ಆಗಲಿಲ್ಲ."

ಬಸ್ಸಿನಲ್ಲಿ ಮಗಳನ್ನು ಕೇಳಿದೆ. "ನಿನಗರ ಗೊತ್ತಿತ್ತಲ್ಲ, ಯಾವ ಕಣ್ಣಂತ. ಆಯಿಗೆ ಯಾಕ ಹೇಳಲಿಲ್ಲ?" ನಮ್ಮ ಮನೆಯಲ್ಲಿ ಮಕ್ಕಳು ಅಜ್ಜಿಯನ್ನು ಆಯಿ ಎನ್ನುತ್ತಾರೆ.

ಅವಳು ಕಿಟಕಿಯ ಸರಳಿಗೆ ಗಲ್ಲ ಒತ್ತಿ ಹೇಳಿದಳು. "ಆಯಿ ಹಚ್ಚಿದ್ರ ಎಲ್ಲಾರ ಮಕಾ ಕಾಣತಿದ್ವು. ನೀ ಹಚ್ಚಿದ್ರ ನಿನ್ನ ಮಕಾ ಹೋಗಿಬಿಡತಿತ್ತು."

ಇಷ್ಟು ದಿನ ಅಕ್ಷರ ಕಾಣುತ್ತದೋ ಇಲ್ಲವೋ ಎಂದೇ ನಾನು ತಲೆ ಕೆಡಿಸಿಕೊಂಡಿದ್ದೆ. ಪಟ್ಟಿ ಹಚ್ಚಿದ ಪ್ರತಿ ಸಂಜೆ ಈ ಕೂಸಿಗೆ ಅಪ್ಪ, ಅಣ್ಣ, ನಾನು ಎಲ್ಲರೂ ಬರೀ ಮಬ್ಬಾಗುತ್ತಿದ್ದೆವು. ಅವಳನ್ನು ಅಪ್ಪಿಕೊಂಡು ಕುಳಿತೆ. ಆ ಹೊತ್ತು ಬೈಯಲು ನನಗೆ ಯಾರೂ ಸಿಗಲಿಲ್ಲ.

ಆ ವಾರವೇ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ಹಲಗೆ ತೋರಿಸಿದರು. ಮೊದಲು ಕಂಡಿದ್ದ ಅಕ್ಷರವೂ ಹೋಗಿತ್ತು. "ಮತ್ತ ಮೊದಲಿಂದ ಹಿಡೀರಿ," ಎಂದರು. "ಬರೇ ಪಟ್ಟಿ ಹಚ್ಚಿ ಕುಂಡ್ರಿಸಿದ್ರ ಸಾಲಂಗಿಲ್ಲ. ಆ ಕಣ್ಣಿಗೆ ಕೆಲಸಾ ಕೊಡ್ರಿ. ಮಣಿ ಪೋಣಿಸ್ಲಿ, ಚಿತ್ರಾ ಬರೀಲಿ, ಆಟಾ ಆಡ್ಲಿ."

"ವಿಡಿಯೋ ಗೇಮ್ ಆಡಬಹುದೇನ್ರಿ?" ಎಂದು ಮಗ ನಡುವೆ ಬಾಯಿ ಹಾಕಿದ. ನಾನು ಅವನ ತೊಡೆ ಚಿವುಟಿದೆ. ಡಾಕ್ಟರು ನಕ್ಕರು. "ಪಟ್ಟಿ ಹಚ್ಚಿಕೊಂಡು ಆಡಿದ್ರ ಚೊಲೋನ ಆತಲ್ಲೋ!"

ಹೀಗೆ, ಕಣ್ಣಿನ ಸುದ್ದಿ ತಿಳಿದ ದಿನವೇ ಸಿಟ್ಟಿನಿಂದ ಅಟ್ಟಕ್ಕೆ ಎಸೆದಿದ್ದ ವಿಡಿಯೋ ಗೇಮಿನ ಡಬ್ಬಿಯನ್ನು ನಾನೇ ಏಣಿ ಹತ್ತಿ ಇಳಿಸಿದೆ. ಕಟ್ಟಳೆ ಒಂದೇ: ಪಟ್ಟಿ ಇದ್ದರೆ ಆಟ, ಇಲ್ಲದಿದ್ದರೆ ಇಲ್ಲ. ಅಣ್ಣನ ಸಂಗಡ ಆಡಿದರೆ ಅವನೇ ಗೆಲ್ಲುತ್ತಿದ್ದ, ಇವಳು ಪಟ್ಟಿ ಕಿತ್ತು ಅಳುತ್ತಿದ್ದಳು. ಸುಲಭವಾಗಿ ಸೋಲುವ ಆಳು ಮನೆಯಲ್ಲಿ ನಾನೊಬ್ಬಳೇ. ಹೊಲಿಗೆ ಬಿಟ್ಟು ಬಂದು ಕುಳಿತೆ. ಅದರಲ್ಲಿ ಬೊಂಬೆ ಓಡಿಸುವ ಆಟವೂ ಇತ್ತು, ನನ್ನ ಬೊಂಬೆ ಹಾರಬೇಕಾದಲ್ಲಿ ನಡೆದು ಹಳ್ಳಕ್ಕೆ ಬೀಳುತ್ತಿತ್ತು. ಮಗಳು ಟಿವಿಗೆ ಮೂಗು ತಾಗಿಸುವಷ್ಟು ಹತ್ತಿರ ಕುಳಿತು, "ಜಿಗಿ ಮಮ್ಮಿ, ಜಿಗಿ!" ಎಂದು ಚೀರುವಳು. ಸೋಲಲೆಂದು ಕುಳಿತವಳಿಗೆ ಯಾವಾಗ ಗೆಲ್ಲುವ ಚಟ ಹತ್ತಿತೋ ತಿಳಿಯದು. ಮಕ್ಕಳು ಶಾಲೆಗೆ ಹೋದಾಗ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಅನ್ನ ತಳ ಹಿಡಿಯಿತು, ಒಬ್ಬರ ಜಂಪರಿಗೆ ಎರಡು ಎಡದೋಳು ಹೊಲಿದೆ.

ಪಕ್ಕದ ಮನೆಯ ಚಾಚಿ ಕಿಟಕಿಯಲ್ಲಿ ಇಣುಕಿ, "ಯಾ ಅಲ್ಲಾ, ಮಕ್ಕಳು ಕೆಟ್ಟಿದ್ದು ಕೇಳೇನಿ, ತಾಯಿ ಕೆಟ್ಟಿದ್ದು ಇಲ್ಲೇ ನೋಡೇನಿ," ಎಂದು ಗಲ್ಲಕ್ಕೆ ಬೆರಳಿಟ್ಟಳು. ಲೈಟು ಹೋದರೆ ನೆಲದ ಮೇಲೆ ಚೌಕಾಬಾರದ ಮನೆ ಬರೆದು ಹುಣಸೆಬೀಜ ಉರುಳಿಸುತ್ತಿದ್ದೆವು. ಆಗ ಚಾಚಿಯೂ ಬಂದು ಕೂರುತ್ತಿದ್ದಳು.

ಮಳೆಗಾಲದಲ್ಲಿ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಕರೆಯಲು ಬರಬೇಕು, ತವರಿಗೆ ಹೋಗಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ನನ್ನಣ್ಣ ಬಂದ, ನಾನು ಹೋಗಲಿಲ್ಲ. "ಕೂಸಿನ ಪಟ್ಟಿ ತಪ್ಪತೈತಿ," ಎಂದೆ. ಅವನು ಚಹಾ ಕುಡಿದು ಹೋದ. ಅವನ ಹಿಂದೆ ಬಾಗಿಲು ಹಾಕಿ ನಾನು ಅತ್ತೆ.

ಹಬ್ಬದ ಮಧ್ಯಾಹ್ನ ಬಾಗಿಲಲ್ಲಿ ಅವ್ವ ನಿಂತಿದ್ದಳು. ತಲೆಯ ಮೇಲೆ ಉಂಡಿಯ ಬುಟ್ಟಿ, ಮುಂಡರಗಿಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಮಗಳು ತವರಿಗೆ ಹೋಗದಿದ್ದರೆ ತವರೇ ಬಸ್ಸು ಹತ್ತಿ ಬಂದಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ಎಲ್ಲ ಇಳಿಸಿದಳು. ಆದರೆ ಮೊಮ್ಮಗಳನ್ನು ಎಂದಿನಂತೆ ಎಳೆದು ತೊಡೆಯ ಮೇಲೆ ಕೂರಿಸಲಿಲ್ಲ. ದೂರದ ಗೋಡೆಗೆ ಒರಗಿ, ಮುಟ್ಟಿದರೆ ಎಲ್ಲಿ ಒಡೆದೀತೋ ಎಂಬಂತೆ ಅವಳನ್ನು ನೋಡುತ್ತ ಕುಳಿತಳು. ನೀರು ಬಿಟ್ಟು ಏನೂ ಮುಟ್ಟಲಿಲ್ಲ.

"ಡಾಕ್ಟರ್ ಏನಂತಾರ?" ಎಂದು ಮೆಲ್ಲಗೆ ಕೇಳಿದಳು.

"ನೋಡೂಣು ಅಂತಾರ."

"ನನ್ನಿಂದ ಕೂಸಿಂದು ಎಷ್ಟು ಹೋತವಾ?"

ನನಗೆ ಅವ್ವನ ಮೇಲಿನ ಸಿಟ್ಟು ಹೋಗಿರಲಿಲ್ಲ, ಅವಳನ್ನು ಹಾಗೆ ಕುಳಿತದ್ದು ನೋಡಲೂ ಆಗುತ್ತಿರಲಿಲ್ಲ. ಒಳಗೆ ಹೋಗಿ ಪಟ್ಟಿಯ ಡಬ್ಬಿ ತಂದು ಅವಳ ಮುಂದಿಟ್ಟೆ.

"ಹೊತ್ತಾತು. ನೀನ ಹಚ್ಚು."

ಅವ್ವ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ನಾ ಒಲ್ಲೆವಾ."

"ಹಚ್ಚು ಅಂದ್ನೆಲ್ಲ."

ಮಗಳು ತಾನೇ ಹೋಗಿ ಅವಳ ಮುಂದೆ ಮಂಡಿಯೂರಿ ಕುಳಿತಳು. ಕನ್ನಡಕ ತೆಗೆದು ಎಡಗಣ್ಣು ತೋರಿಸಿ, "ಆಯಿ, ಈ ಕಣ್ಣು," ಎಂದಳು. ಅವ್ವ ಕೈಯನ್ನು ಸೀರೆಗೆ ಒರೆಸಿಕೊಂಡು, ಉಸಿರು ಬಿಗಿಹಿಡಿದು, ಚೊಲೋ ಕಣ್ಣಿನ ಮೇಲೆ ಪಟ್ಟಿ ಇಟ್ಟು ನಾಲ್ಕೂ ಬದಿ ಒತ್ತಿದಳು. ಕನ್ನಡಕ ಏರಿಸಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಕೂಸು ತಡವರಿಸುವುದನ್ನು ನೋಡಲಾರದೆ ತನ್ನ ಕಣ್ಣನ್ನೇ ಮುಚ್ಚಿಕೊಂಡಳು.

ಮಗಳು ತಡವರಿಸಲಿಲ್ಲ. ಮುಖ ಮುಂದಕ್ಕೆ ತಂದು, ಅವ್ವನ ಮುಖವನ್ನು ಹುಬ್ಬು ಗಂಟಿಕ್ಕಿ ನೋಡಿದಳು. ಒಂದು ಬೆರಳು ಎತ್ತಿ ನೇರವಾಗಿ ಅವಳ ಗದ್ದಕ್ಕೆ ಇಟ್ಟಳು.

"ಆಯಿ, ಇಲ್ಲೆ ನಿನಗ ಒಂದು ಬಿಳೀ ಮೀಸಿ ಬಂದೈತಿ."

ನಾನು ಬಗ್ಗಿ ನೋಡಿದೆ. ಮೊದಲು ನನಗೆ ಕಾಣಲಿಲ್ಲ. ಬೆಳಕಿಗೆ ತಿರುಗಿಸಿ ನೋಡಿದಾಗ ಇತ್ತು, ದಾರದ ಎಳೆಗಿಂತ ಸಣ್ಣದು, ಒಂದೇ ಒಂದು ಕೂದಲು. ಅವ್ವ ಕೂಸನ್ನು ಎದೆಗೆ ಒತ್ತಿಕೊಂಡು ನಗುತ್ತ, ಅಳುತ್ತ, ಬಾಯಿಗೆ ಬಂದ ದೇವರನ್ನೆಲ್ಲ ಕರೆದಳು.

ಸಂಜೆ ಉಂಡಿ ತಿಂದು, ಚಹಾ ಕುಡಿದು ಎಲ್ಲ ಆದ ಮೇಲೆ ನಾನು ಚಿಮಟಿಗೆ ಹುಡುಕಿ ತಂದೆ. "ಬಾ ಇಲ್ಲೆ, ಆ ಕೂದಲಾ ಕೀಳತೀನಿ."

ಅವ್ವ ಕೈಯಿಂದ ಗದ್ದ ಮುಚ್ಚಿಕೊಂಡಳು.

"ಮುಟ್ಟಬ್ಯಾಡ ನೋಡು! ಇರಲಿ ಅದು. ಕೂಸಿಗೆ ನೋಡಾಕ ಬೇಕು."