ವತ್ಸಲಾಬಾಯಿ ಅವಸರ ಮಾಡಿದ ದೀಪಾವಳಿ

ಗಣಪತಿಯನ್ನು ಕಳಿಸಿ ಇನ್ನೂ ವಾರವಾಗಿರಲಿಲ್ಲ, ವತ್ಸಲಾಬಾಯಿ ದೀಪಾವಳಿಯ ಕೆಲಸಕ್ಕೆ ಕೈಹಚ್ಚಿಬಿಟ್ಟಳು. ೧೯೬೩ನೆಯ ಇಸವಿಯ ಮಾತು. ವಿಜಾಪುರದ ಆ ಓಣಿಯಲ್ಲಿ ದಸರೆಯ ಮಾತನ್ನೇ ಯಾರೂ ಎತ್ತಿರಲಿಲ್ಲ. ಈಕೆ ಆಗಲೇ ಅಟ್ಟದ ತಾಮ್ರದ ಪಾತ್ರೆಗಳನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅನಾರಸದ ಸಿಹಿ ಕರಿಯಲೆಂದು ಅಕ್ಕಿ ನೆನೆಹಾಕಿದ್ದಳು.

ಗಂಡ ಶಿವಾನಂದ ಕಚೇರಿಗೆ ಹೊರಟವನು ಹೊಸ್ತಿಲಲ್ಲೇ ನಿಂತು ನಕ್ಕ. “ಏನ ಇದು ವತ್ಸಲಾ, ಬನ್ನಿ ಮುಡಿಯೋಕ್ಕಿಂತ ಮೊದಲ ಹಣತಿ ಹಚ್ಚಾಕಿ ಏನ?”

“ವರ್ಷಾ ಹಬ್ಬದ ದಿನಾನ ಒಲಿ ಮುಂದ ಸಾಯ್ತೀನ್ರಿ. ಈ ಸಲ ಎಲ್ಲಾ ಮೊದಲ ಮುಗಿಸಿ, ನಾಕ ಮಂದಿ ಜೋಡಿ ಆರಾಮ ಕೂಡಬೇಕಂತ ಮಾಡೇನಿ.”

ಶಿವಾನಂದನಿಗೆ ಆ ಮಾತು ಹಿತವಾಯಿತು. ಮದುವೆಯಾದಾಗಿನಿಂದ ಈಕೆ ಕೂತದ್ದನ್ನು ಅವನು ಕಂಡದ್ದೇ ಕಡಿಮೆ.

ಆದರೆ ನಿಜ ಬೇರೆಯಿತ್ತು. ಒಂದೂವರೆ ವರ್ಷದಿಂದ ವತ್ಸಲಾಬಾಯಿಯ ಕಣ್ಣಿಗೆ ಮಂಜು ಕವಿಯುತ್ತ ಬಂದಿತ್ತು. ಬಲಗಣ್ಣಂತೂ ಹೋದಂತೆಯೇ. ಎಡಗಣ್ಣಿಗೆ ಬಿಸಿಲಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು, ಹೊತ್ತು ಮುಳುಗಿ ಕಂದೀಲು ಹಚ್ಚಿದರೆ ಬರೀ ಹಳದಿ ಹೊಗೆ. ಹಗಲು ಮೋಟಾಗುವ ದೀಪಾವಳಿಯ ದಿನಗಳಲ್ಲಿ, ಬೆಳಗಿನ ಕತ್ತಲಲ್ಲಿ ಎದ್ದು ಹತ್ತು ಮಂದಿಯ ಅಡಿಗೆ ಮಾಡುವುದು ತನ್ನಿಂದ ಆಗದೆಂದು ಅವಳಿಗೆ ತಿಳಿದಿತ್ತು. ಅದಕ್ಕೇ ಈ ಅವಸರ.

ಹೇಳಿಬಿಡಬಹುದಿತ್ತಲ್ಲ ಎಂದರೆ, ಅವಳ ತವರು ತಿಕೋಟಾದಲ್ಲಿ ತಾಯಿ ಸೀತವ್ವನಿಗೂ ಹೀಗೆಯೇ ಆಗಿತ್ತು. ಮನೆಯವರು ಕೆಟ್ಟವರಲ್ಲ. “ನೀ ಸುಮ್ಮ ಕೂಡು, ಎಲ್ಲಾ ನಾವ ಮಾಡ್ತೀವಿ” ಎಂದು ಪಡಸಾಲೆಯ ಕಂಬದ ಹತ್ತಿರ ಚಾಪೆ ಹಾಸಿ ಕೂರಿಸಿದ್ದರು. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು. ಒಬ್ಬರೂ ಒಂದು ಮಾತು ಕೇಳುತ್ತಿರಲಿಲ್ಲ. ಆ ಚಾಪೆ ನೆನಪಾದಾಗಲೆಲ್ಲ ವತ್ಸಲಾಬಾಯಿ ಕೂತಲ್ಲಿಂದ ಎದ್ದು ಏನಾದರೊಂದು ಕೆಲಸ ಹಿಡಿಯುತ್ತಿದ್ದಳು.

ಗುಟ್ಟು ಮೊದಲು ಹಿಡಿದವಳು ಪಕ್ಕದ ಮನೆಯ ರೋಶನಬಿ. ಬಿಸಿಲಿಗೆ ಅಕ್ಕಿ ಆರಿಸುತ್ತ ಕೂತಿದ್ದ ವತ್ಸಲಾಬಾಯಿ ಕಣ್ಣು ಎತ್ತಲೋ ಇಟ್ಟು ಬೆರಳಿನಿಂದ ಹರಳು ಹುಡುಕುತ್ತಿದ್ದಳು. ರೋಶನಬಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ಮೊರವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಯಾವಾಗಿಂದ ಬಾಯಾರ?”

“ಯಾರಿಗೂ ಹೇಳಬ್ಯಾಡ ರೋಶನಬಿ. ನಿನ್ನ ಕಾಲ ಬೀಳ್ತೀನಿ.”

“ನಾ ಹೇಳಾಂಗಿಲ್ಲ. ಆದ್ರ ಇದು ಮುಚ್ಚಿಡೂ ಮಾತಲ್ರಿ. ಮಿರಜದ ದವಾಖಾನಿಗೆ ಹೋಗಿ ತೋರಸ್ರಿ.”

“ಹಬ್ಬ ಆಗ್ಲಿ. ಇದೊಂದು ಹಬ್ಬ ದಾಟ್ಲಿ.”

ಅಲ್ಲಿಂದ ಅಕ್ಕಿ ಬೇಳೆ ಆರಿಸುವ ಕೆಲಸ ರೋಶನಬಿಯದಾಯಿತು. ಉಳಿದದ್ದನ್ನು ವತ್ಸಲಾಬಾಯಿ ತಾನೇ ಮಾಡಿದಳು. ಚಕ್ಕುಲಿಯ ಹಿಟ್ಟಿನ ಬೇಳೆಕಾಳನ್ನು ವಾಸನೆ ಹಿಡಿದು ಹುರಿದಳು. ಎಣ್ಣೆ ಕಾದದ್ದನ್ನು ಸದ್ದಿನಿಂದ ತಿಳಿದಳು. ಅಡಿಗೆಮನೆಯ ಹಲಗೆಯ ಮೇಲೆ ಯಾವ ಡಬ್ಬಿ ಎಲ್ಲಿ, ಒಲೆಯಿಂದ ನೀರಿನ ಹಂಡೆಗೆ ಎಷ್ಟು ದೂರ, ಬಿಸಿ ಪಾತ್ರೆ ಇಳಿಸುವ ಮೂಲೆ ಯಾವುದು, ಎಲ್ಲವೂ ಅವಳ ಕೈಕಾಲಿಗೆ ಬಾಯಿಪಾಠವಾಗಿತ್ತು. ಅನಾರಸ, ಉಂಡಿ, ಶಂಕರಪೋಳಿ ಡಬ್ಬಿ ತುಂಬಿದವು. ಬೇಗ ಮೆತ್ತಗಾಗುವ ಚಕ್ಕುಲಿಯನ್ನು ಕಡೆಗೆ ಉಳಿಸಿದ್ದಳು, ಇನ್ನು ಅದೊಂದು ಕರಿದರೆ ಗೆದ್ದೆ ಅಂದುಕೊಂಡಳು.

ಅಷ್ಟರಲ್ಲಿ ಶಿವಾನಂದ, ಹೆಂಡತಿಗೆ ಜೊತೆಯಾಗಲಿ ಎಂದು, ಬಬಲೇಶ್ವರದಿಂದ ತನ್ನ ಅಕ್ಕ ಆನಂದೀಬಾಯಿಯನ್ನು ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕರೆತಂದ. ಆನಂದೀಬಾಯಿ ಕೈ ಕಟ್ಟಿ ಕೂರುವ ಹೆಂಗಸಲ್ಲ. ಬಂದ ದಿನವೇ ಸೆರಗು ಸಿಕ್ಕಿಸಿಕೊಂಡಳು. ತಮ್ಮನ ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಹಲಗೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ, ದೊಡ್ಡದು ಸಣ್ಣದು ನೋಡಿ ಸಾಲಾಗಿ ಜೋಡಿಸಿಟ್ಟಳು. ವತ್ಸಲಾಬಾಯಿ ಹಿಟ್ಟಿನ ಡಬ್ಬಿಗೆ ಕೈ ಚಾಚಿದರೆ ಸಕ್ಕರೆ ಸಿಕ್ಕಿತು. ಅವಳು ಒಂದೊಂದೇ ಡಬ್ಬಿ ತೆರೆದು ಮೂಸಿ ಹಿಟ್ಟು ಹುಡುಕಿಕೊಂಡಳು.

ಆ ಸಂಜೆ ಇಬ್ಬರೂ ಚಕ್ಕುಲಿಗೆ ಕೂತರು. ವತ್ಸಲಾಬಾಯಿ ಒತ್ತುತ್ತಿದ್ದಳು, ಆನಂದೀಬಾಯಿ ಕರಿಯುತ್ತಿದ್ದಳು. ಕಡೆಯ ಸುತ್ತು ತೆಗೆದ ಆನಂದೀಬಾಯಿ ಎಣ್ಣೆಯ ಬಾಣಲೆಯನ್ನು ಇಳಿಸಿ, ಮೂಲೆಯಲ್ಲಿ ಚಕ್ಕುಲಿಯ ಬುಟ್ಟಿ ಇದ್ದುದರಿಂದ, ಬಾಗಿಲ ಹತ್ತಿರ ಇಟ್ಟಳು. ದಿನವೂ ಬರಿದಾಗಿರುವ ಜಾಗ ಅದು. ಹೊತ್ತು ಮುಳುಗಿತ್ತು. ವತ್ಸಲಾಬಾಯಿ ಎದ್ದು ಎಂದಿನಂತೆ ಸರಸರನೆ ಬಾಗಿಲ ಕಡೆ ನಡೆದಳು.

ಬಾಣಲೆ ಅವಳ ಕಾಲ ಮೇಲೆ ಮಗುಚಿ ಬಿತ್ತು. ಅವಳ ಚೀರಾಟಕ್ಕೆ ಓಣಿಯೇ ಓಡಿಬಂತು.

ರೋಶನಬಿ ಕಾಲಿನ ಮೇಲೆ ಕೊಡಗಟ್ಟಲೆ ತಣ್ಣೀರು ಸುರಿಯುತ್ತಿದ್ದಳು. ಆನಂದೀಬಾಯಿ ಗಾಬರಿಯಲ್ಲಿ ಬೈಯತೊಡಗಿದಳು. “ಇಷ್ಟು ದೊಡ್ಡ ಬಾಣಲಿ ಕಣ್ಣಿಗೆ ಕಾಣಸ್ಲಿಲ್ಲೇನ ನಿನಗ?”

“ಇಲ್ಲ ಅಕ್ಕಾ,” ಎಂದಳು ವತ್ಸಲಾಬಾಯಿ. “ಕಾಣಸ್ಲಿಲ್ಲ. ನನಗ ಕಾಣೂದಿಲ್ಲ.”

ರೋಶನಬಿ ತಲೆ ತಗ್ಗಿಸಿದಳು. ಶಿವಾನಂದ ಹೆಂಡತಿಯ ಮುಖವನ್ನೇ ನೋಡಿದ. ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲವೆಂಬಂತೆ ನೋಡಿದ.

“ನನಗರ ಹೇಳಬಾರದಾಗಿತ್ತೇನ ವತ್ಸಲಾ?”

“ಹೇಳಿದ್ರ ಕುಂಡ್ರಸ್ತಿದ್ರಿ.”

“ನೀನ ಅಂದಿದ್ದಿಯಲ್ಲಾ, ಆರಾಮ ಕೂಡಬೇಕು ಅಂತ!”



ಹಬ್ಬ ಬಂತು. ಓಣಿಯಲ್ಲಿ ಪಟಾಕಿ ಸಿಡಿದವು. ವತ್ಸಲಾಬಾಯಿ ಬೊಬ್ಬೆಯೆದ್ದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ತಟ್ಟೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬಂದ ನಂಟರು ಉಂಡಿ ತಿಂದು ಹೊಗಳಿದರು, ಆದರೆ ಆನಂದೀಬಾಯಿಯನ್ನು ಹೊಗಳಿದರು. ಅವಳು “ನಂದೇನದ, ಎಲ್ಲಾ ವತ್ಸಲಾಂದು” ಎಂದರೂ ಮಲಗಿದವಳನ್ನು ಸಮಾಧಾನ ಮಾಡುವ ಮಾತೆಂದೇ ಅವರು ತಿಳಿದರು. ಪಾಡ್ಯದ ದಿನ ಆರತಿಗೆ ಅವಳನ್ನು ಇಬ್ಬರು ಹಿಡಿದು ಎಬ್ಬಿಸಿದರು. ಗಂಡನ ಹಣೆ ಎಲ್ಲಿದೆಯೆಂದು ತಿಳಿಯದೆ ಅವಳು ಮೊದಲು ಎಡಗೈಯಿಂದ ಅವನ ಕಿವಿ ಮುಟ್ಟಿ, ಅಲ್ಲಿಂದ ಅಳೆದು ಕುಂಕುಮ ಹಚ್ಚಿದಳು. ಶಿವಾನಂದ ಅಲುಗಾಡದೆ ಕೂತಿದ್ದ.

ಕಾಲು ಮಾಯ್ದ ಮೇಲೆ ಮಿರಜಕ್ಕೆ ಹೋದರು. ಬಲಗಣ್ಣಿನ ನರ ಸತ್ತುಹೋಗಿದೆ, ವರ್ಷದ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು ಡಾಕ್ಟರು. ಎಡಗಣ್ಣಿನ ಪೊರೆ ತೆಗೆದರು. ತಲೆ ಅಲುಗಿಸದೆ ಅಂಗಾತ ಮಲಗಿದ್ದ ಆ ದಿನಗಳಲ್ಲಿ ಅವಳು ಒಂದೇ ಮಾತು ಮತ್ತೆ ಮತ್ತೆ ಆಡಿದಳು: ಅವ್ವನನ್ನು ಇಲ್ಲಿಗೆ ಯಾರೂ ಕರೆತರಲಿಲ್ಲ, ನಾನೂ ತರಲಿಲ್ಲ.

ಸೋಡಾ ಬಾಟಲಿಯ ತಳದಂಥ ಚಸಮಾ ಹಾಕಿಕೊಂಡು ಊರಿಗೆ ಬಂದಳು. ಒಂದು ಕಣ್ಣಿನಲ್ಲಿ ಲೋಕ ಮರಳಿ ಬಂದಿತ್ತು, ಆದರೆ ಮನೆ ಮೊದಲಿನ ಮನೆಯಾಗಲಿಲ್ಲ. ಶಿವಾನಂದನಿಗೆ ಭಯ ಹೊಕ್ಕಿತ್ತು. ಕಚೇರಿಯಿಂದ ಬಂದವನೇ ಪೇಪರು ಎತ್ತಿ ಹಿಡಿದು “ಇದು ಕಾಣ್ತದೇನ? ಇದ್ರಾಗ ಏನ ಬರದಾರ ಹೇಳು” ಎಂದು ಕೇಳುತ್ತಿದ್ದ. ಅವಳು ಬಾವಿಗೆ ಹೊರಟರೆ ಹಿಂದೆ ಬರುತ್ತಿದ್ದ. ಸಂಕ್ರಾಂತಿಯ ತನಕ ತಾಳಿದಳು. ಒಂದು ಮುಂಜಾನೆ ಅವನು ಬೆರಳು ಎತ್ತಿ “ಎಷ್ಟು?” ಎಂದಾಗ ಆ ಕೈಯನ್ನೇ ಹಿಡಿದು ಕೆಳಗಿಳಿಸಿದಳು.

“ಕಾಣಸದಿದ್ರ ನಾನ ಹೇಳ್ತೀನ್ರಿ. ಇನ್ನ ಮುಚ್ಚಿಡಾಂಗಿಲ್ಲ. ನೀವೂ ಕೇಳೂದು ಬಿಡ್ರಿ.”

ಶಿವಾನಂದ ತಲೆಯಾಡಿಸಿದ. ಅಂದಿನಿಂದ ಕೇಳುವುದನ್ನು ಬಿಟ್ಟ. ಆದರೆ ಅವಳು ಒಲೆಯ ಮುಂದೆ ಇರುವಷ್ಟು ಹೊತ್ತು, ಏನಾದರೊಂದು ನೆವ ತೆಗೆದು, ಪಡಸಾಲೆಯಲ್ಲೇ ಸುಳಿದಾಡುತ್ತಿದ್ದ.