ಮೂರನೇ ಕೋಣೆಯ ಸರದಿ

ದುಬೈಯ ನೈಫ್‌ನ ಆ ಹಳೆಯ ಫ್ಲ್ಯಾಟಿನಲ್ಲಿ ನಾವು ಆರು ಮಂದಿ, ಪ್ಲೈವುಡ್ ಗೋಡೆಯ ಆರು ಕೋಣೆ, ಎಲ್ಲರಿಗೂ ಸೇರಿ ಒಂದೇ ಇಂಟರ್‌ನೆಟ್. ಕಂಪ್ಯೂಟರ್ ಜಾಲ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡಾದ್ದರಿಂದ ಮನೆಯ ರೂಟರೂ ನನ್ನ ತಲೆಗೇ ಬಂತು. ಜಗಳವೆಲ್ಲ ಮೂರನೇ ಕೋಣೆಯ ಹಿರಿಯರಿಂದ. ಕುಂದಾಪುರದ ಕಡೆಯವರು, ಗೋದಾಮಿನಲ್ಲಿ ಪಾಳಿ ಕೆಲಸ. ತಮ್ಮ ಊರಿನ ಕಂಪ್ಯೂಟರಿನಲ್ಲಿ ತುಂಬಿಟ್ಟ ಯಕ್ಷಗಾನದ ವಿಡಿಯೊಗಳನ್ನು ಇವರು ಇಲ್ಲಿ ತೆರೆದರೆಂದರೆ ಮುಗಿಯಿತು, ಮಿಕ್ಕವರ ಫೋನಿನಲ್ಲಿ ಹೆಂಡತಿ ಮಕ್ಕಳ ಮುಖ ಅರ್ಧಕ್ಕೇ ನಿಂತುಬಿಡುತ್ತಿತ್ತು.

ನನಗೆ ಅನ್ಯಾಯ ಕಂಡರೆ ಮೈ ಉರಿಯುತ್ತದೆ. ಊಟದ ಪಂಕ್ತಿಯಲ್ಲಿ ಒಬ್ಬನ ಎಲೆಗೇ ಎಲ್ಲ ಸುರಿದರೆ ಹೇಗೆ? ರೂಟರಿನಲ್ಲಿ ಕೋಣೆಗೊಂದು ಸಾಲು ಮಾಡಿದೆ. ಪ್ರತಿ ಸಾಲಿನಿಂದಲೂ ಸರದಿಯಂತೆ ಒಂದಿಷ್ಟೇ ಪ್ಯಾಕೆಟ್, ಅಂದರೆ ಮಾಹಿತಿಯ ತುತ್ತು. ಎಂಥ ದೊಡ್ಡ ವಿಡಿಯೊ ಆದರೂ ಕಾಯಲೇಬೇಕು.

"ಎಂತದು ಮಾರಾಯ, ನನ್ನ ಬಾಯಿಗೇ ಮಣ್ಣು ಹಾಕಿದೆಯಲ್ಲ," ಎಂದರು ಹಿರಿಯರು.

"ಎಲ್ಲರಿಗೂ ಒಂದೇ ನ್ಯಾಯ, ಅಣ್ಣ."

ಒಳಹೋಗಿ ಧಡ್ಡನೆ ಬಾಗಿಲು ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪಿನಲ್ಲಿ ಜಾಲದ ನಕ್ಷೆ ತೆರೆದೆ; ಯಾವ ಕೋಣೆ ಎಷ್ಟು ಎಳೆಯುತ್ತಿದೆ ಎಂದು ಕೋಣೆಗೊಂದು ಗೆರೆ ತೋರಿಸುತ್ತದೆ. ಹಿರಿಯರ ಗೆರೆ ಎಂಟೂ ನಲವತ್ತಕ್ಕೆ ಧೊಪ್ಪನೆ ಇಳಿದು ನೆಲಕಚ್ಚಿತ್ತು. ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದವರಿಗೆ ತೋರಿಸಿ, "ನೋಡಿ, ಹುಲಿ ಬೋನಿಗೆ ಬಿತ್ತು," ಎಂದು ನಕ್ಕೆ. ಎಲ್ಲರೂ ನಕ್ಕರು.

ಹನ್ನೊಂದರ ಹೊತ್ತಿಗೆ ಮತ್ತೆ ನೋಡಿದಾಗ ನಗು ಬರಲಿಲ್ಲ. ಗೆರೆ ಪೂರ್ತಿ ಸತ್ತಿರಲಿಲ್ಲ, ಆಗಾಗ ಸಣ್ಣಗೆ ಮಿಡಿಯುತ್ತಿತ್ತು; ಅದನ್ನು ಇಳಿಸಿದ್ದು ನನ್ನ ಸರದಿಯಲ್ಲ, ವಿಡಿಯೊ ನಡುವೆಯೇ ನಿಂತಿತ್ತು. ನೋಡುತ್ತಿದ್ದ ವಿಡಿಯೊ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಈ ಕಡೆಯ ಯಂತ್ರ ತುಂಬಿಹೋಗಿ, "ಜಾಗವಿಲ್ಲ, ತಡೆ," ಎನ್ನುತ್ತದೆ. ಕಳಿಸುವವನು ತಡೆಯುತ್ತಾನೆ, ಆದರೆ ಆಗಾಗ ಕೇಳುತ್ತಾನೆ: ಈಗ ಜಾಗವಿದೆಯೆ? ಇಲ್ಲ. ಈಗ? ಇಲ್ಲ. ಊರಿನ ಯಂತ್ರ ಕೇಳುತ್ತಲೇ ಇತ್ತು, ಮೂರನೇ ಕೋಣೆ ಉತ್ತರಿಸುತ್ತಲೇ ಇತ್ತು, ನಾನು ಮಾಡಿಕೊಟ್ಟ ಸರದಿಯಲ್ಲಿ, ಒಂದು ಸಲವೂ ತಪ್ಪದೆ.

ಪ್ಲೈವುಡ್ಡಿಗೆ ಕಿವಿಯಿಟ್ಟೆ. ಕೆಮ್ಮಿಲ್ಲ, ಗೊರಕೆಯಿಲ್ಲ, ಮಂಚದ ಕಿರುಗುಟ್ಟುವಿಕೆಯಿಲ್ಲ. ಅಷ್ಟು ನಿಶ್ಶಬ್ದವಾದ ಕೋಣೆಯೊಳಗಿಂದ ಏನೋ ಒಂದು ನನ್ನ ಪರದೆಯ ಮೇಲೆ ಉತ್ತರ ಕೊಡುತ್ತಿತ್ತು. ಹಾಡಹಗಲಲ್ಲೇ ನನಗೆ ಹೆದರಿಕೆಯಾಯಿತು.

ತಟ್ಟಲು ಕೈ ಎತ್ತಿದೆ. ಆದರೆ ಪಾಳಿಯವರ ಮನೆಗಳಲ್ಲಿ ಒಂದು ಕಟ್ಟಳೆ ಇದೆ: ಮುಚ್ಚಿದ ಬಾಗಿಲು ತಟ್ಟಬಾರದು. ದುಡಿದು ಬಂದವನ ನಿದ್ದೆ ಕೆಡಿಸುವುದಕ್ಕಿಂತ ದೊಡ್ಡ ಪಾಪ ನಮ್ಮಲ್ಲಿಲ್ಲ. ಮೇಲಾಗಿ ಅವರಿಗೆ ನನ್ನ ಮೇಲೆ ಸಿಟ್ಟಿತ್ತು. ಮುನಿಸಿಕೊಂಡು ಮಲಗಿದ್ದಾರೆ ಎಂದುಕೊಂಡೆ. ಕೈ ಇಳಿಸಿ, ಹೋಗಿ ಅನ್ನಕ್ಕಿಟ್ಟೆ.

ನಾಲ್ಕು ಗಂಟೆಗೆ ತಡೆಯಲಾಗಲಿಲ್ಲ. ತಟ್ಟಿದೆ, ಕೂಗಿದೆ, ಭುಜ ಕೊಟ್ಟು ದೂಡಿದೆ, ಚಿಲಕ ಕಿತ್ತು ಬಂತು. ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದರು. ಬಾಯಿ ಒಂದು ಪಕ್ಕಕ್ಕೆ ಜೋತಿತ್ತು. ಲ್ಯಾಪ್‌ಟಾಪಿನಲ್ಲಿ ವೇಷಧಾರಿ ಒಂದು ಕಾಲೆತ್ತಿ ನಿಂತೇ ಇದ್ದ. ಹಿರಿಯರ ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: "ಇವರಿಗೆ ಲಕ್ವ ಹೊಡೆದು ಎಷ್ಟು ಹೊತ್ತಾಯಿತು? ನಾಲ್ಕೂವರೆ ಗಂಟೆಯೊಳಗಾದರೆ ಒಂದು ಇಂಜೆಕ್ಷನ್ ಇದೆ." ಜೊತೆಗೆ ಬಂದಿದ್ದವರು ಮುಖ ಮುಖ ನೋಡಿಕೊಂಡರು. ಬಾಗಿಲು ಮುಚ್ಚಿತ್ತು, ಯಾರಿಗೂ ಗೊತ್ತಿಲ್ಲ ಎಂದರು.

"ಎಂಟೂ ನಲವತ್ತು," ಎಂದೆ.

ವೈದ್ಯೆ ಗಡಿಯಾರ ನೋಡಿದರು. ಬರೆದುಕೊಂಡರು. ಆಮೇಲೆ ತಲೆಯೆತ್ತಿ, ಇಷ್ಟು ಸರಿಯಾಗಿ ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.